ಮಗಳ ಮದುವೆಗೆ ಮುಂಚೆ ರೆಪ್ಪೆ ಸರ್ಜರಿ ಮಾಡಿಸಿಕೊಳ್ಳಲಾ?

ಪ್ರಶ್ನೆ: ನನಗೆ 53 ವರ್ಷ. ಗಂಗಾವತಿ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ನಾಲ್ಕೈದು ವರ್ಷದಿಂದ ಎರಡೂ ಕಣ್ಣಿನ ಮೇಲಿನ ರೆಪ್ಪೆ ಜೋತು ಬಿದ್ದಿದೆ. ಕೆಳಗೆ ಚೀಲದ ತರ ಉಬ್ಬಿದೆ, ಸುತ್ತ ಕಪ್ಪು. ಕ್ಲಾಸಿನಲ್ಲಿ ಹುಡುಗರು "ಟೀಚರ್, ನಿದ್ದಿ ಬಂದೈತೇನ್ರೀ" ಅಂತ ಕೇಳುತ್ತಾರೆ. ಸಂಜೆ ಹೊತ್ತಿಗೆ ಹಣೆ ನೋಯುತ್ತದೆ. ಒಂದು ಕ್ಲಿನಿಕ್‌ನವರು ಮೇಲೆ ಕೆಳಗೆ ಎರಡೂ ಒಂದೇ ಸಲ ಮಾಡೋಣ, 95 ಸಾವಿರ ಆಗುತ್ತೆ, ಅವತ್ತೇ ಮನೆಗೆ ಹೋಗಬಹುದು ಅಂದರು. ಮೇ ಮೊದಲ ವಾರ ಮಗಳ ಮದುವೆ ಇದೆ, ಏಪ್ರಿಲ್ ರಜೆಯಲ್ಲಿ ಮಾಡಿಸೋಣ ಅಂದುಕೊಂಡಿದ್ದೇನೆ. ಬಿಪಿ ಮಾತ್ರೆ ಮತ್ತು ಎಕೋಸ್ಪ್ರಿನ್ 75 ತಗೊಳ್ತೇನೆ. ನಮ್ಮ ಮನೆಯವರು "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ" ಅಂತಾರೆ. ಮಾಡಿಸಬಹುದಾ ಡಾಕ್ಟ್ರೇ? ಹೇಗೆ ತಯಾರಾಗಬೇಕು?

ಉತ್ತರ: ಮೇಡಂ, ಮಾಡಿಸಬಹುದು. ಆದರೆ ಏಪ್ರಿಲ್‌ನಲ್ಲಿ ಬೇಡ. ಮೇಲೆ ಕೆಳಗೆ ಎರಡೂ ಒಟ್ಟಿಗೆ ಅಂತೂ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ರೇಟ್ ಇದೆ, ತಾರೀಖು ಇದೆ, ರೆಪ್ಪೆ ಯಾಕೆ ಇಳಿದಿದೆ ಅನ್ನೋದು ಮಾತ್ರ ಎಲ್ಲೂ ಇಲ್ಲ. ಕ್ಲಿನಿಕ್‌ನವರು ನೋಡಿ ಹೇಳಿದ್ದರೆ ನೀವು ಖಂಡಿತ ಬರೆಯುತ್ತಿದ್ದಿರಿ, ಅಲ್ವಾ? ನಾನು ಬಳ್ಳಾರಿಯಲ್ಲಿ ಕಣ್ಣಿನ ಡಾಕ್ಟರ್, ರೆಪ್ಪೆ ಸರ್ಜರಿಯೇ ನನ್ನ ಮುಖ್ಯ ಕೆಲಸ. ನನ್ನ ಹತ್ತಿರ ಬರುವವರಲ್ಲೂ ಬಹಳ ಜನ ತಾರೀಖು ಮೊದಲೇ ಗೊತ್ತು ಮಾಡಿಕೊಂಡು, ಪರೀಕ್ಷೆಯನ್ನು ಒಂದು ಶಾಸ್ತ್ರ ಅಂತ ಮುಗಿಸಿಬಿಡಿ ಅನ್ನೋ ಹಾಗೆ ಕೂರುತ್ತಾರೆ. ಈ ಸರ್ಜರಿಯಲ್ಲಿ ಕತ್ತರಿ ಹಿಡಿಯೋ ಒಂದು ಗಂಟೆಗಿಂತ ಅದಕ್ಕೆ ಮುಂಚಿನ ಪರೀಕ್ಷೆಯೇ ದೊಡ್ಡದು.

ಮೇಲಿನ ರೆಪ್ಪೆ ಇಳಿದ ಹಾಗೆ ಕಾಣೋದಕ್ಕೆ ಮುಖ್ಯವಾಗಿ ಮೂರು ಕಾರಣ ಇರುತ್ತವೆ. ಮೊದಲನೆಯದು, ವಯಸ್ಸಾದಂತೆ ರೆಪ್ಪೆಯ ಚರ್ಮ ಸಡಿಲವಾಗಿ, ಮಡಿಕೆ ಬಿದ್ದು ರೆಪ್ಪೆಗೂದಲಿನ ಮೇಲೆ ಬಂದು ಕೂರುವುದು. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ತೆಳು ಚರ್ಮ ಇರೋದು ಇಲ್ಲೇ, ಒಂದು ಮಿಲಿಮೀಟರಿಗೂ ಕಡಿಮೆ. ಎರಡನೆಯದು, ಚರ್ಮ ಸರಿಯಾಗೇ ಇದ್ದು ರೆಪ್ಪೆ ಎತ್ತುವ ಸ್ನಾಯುವಿನ ಹಿಡಿತ ಸಡಿಲವಾಗಿರುವುದು, ಇದಕ್ಕೆ ಟೋಸಿಸ್ ಅನ್ನುತ್ತಾರೆ. ವಯಸ್ಸಿನಿಂದ ಬರುತ್ತದೆ, ಬಹಳ ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೆ ಬರುತ್ತದೆ, ಕೆಲವರಿಗೆ ಕಣ್ಣಿನ ಪೊರೆ ಆಪರೇಷನ್ ಆದ ಮೇಲೂ ಬರುತ್ತದೆ. ಮೂರನೆಯದು ಹುಬ್ಬೇ ಕೆಳಗೆ ಜಾರಿ ರೆಪ್ಪೆಯನ್ನು ತಳ್ಳುತ್ತಿರುವುದು. ಒಬ್ಬರಲ್ಲೇ ಎರಡು ಕಾರಣ ಸೇರಿರುವುದೂ ಉಂಟು.

ನೀವು ಕೇಳಿರುವ ಬ್ಲೆಫರೋಪ್ಲಾಸ್ಟಿ, ಅಂದರೆ ಹೆಚ್ಚಾದ ಚರ್ಮ ತೆಗೆದು ಹೊಲಿಯುವುದು, ಮೊದಲನೆಯದಕ್ಕೆ ಮಾತ್ರ ಸರಿಯಾದ ಮದ್ದು. ಸ್ನಾಯು ಸೋತವರಿಗೆ ಬರೀ ಚರ್ಮ ತೆಗೆದರೆ ಮಡಿಕೆ ಹೋಗುತ್ತದೆ, ಕಣ್ಣು ಮಾತ್ರ ಅರ್ಧ ಮುಚ್ಚಿದ ಹಾಗೇ ಉಳಿಯುತ್ತದೆ, "ದುಡ್ಡೂ ಹೋಯ್ತು, ನಿದ್ದೆಗಣ್ಣೂ ಹೋಗಲಿಲ್ಲ" ಅಂತ ಮತ್ತೆ ಬರುತ್ತಾರೆ. ಅವರಿಗೆ ಬೇಕಿರೋದು ಆ ಸ್ನಾಯುವನ್ನು ಬಿಗಿ ಮಾಡುವ ಬೇರೆ ಆಪರೇಷನ್. ಹುಬ್ಬು ಇಳಿದವರ ಚರ್ಮ ತೆಗೆದರೆ ಇನ್ನೂ ಕಷ್ಟ: ಹುಬ್ಬು ಇನ್ನಷ್ಟು ಕೆಳಗೆ ಬಂದು, ಹುಬ್ಬಿಗೂ ರೆಪ್ಪೆಗೂದಲಿಗೂ ನಡುವೆ ಜಾಗವೇ ಇಲ್ಲದ ಹಾಗೆ ಆಗಿ, ಮುಖ ಸದಾ ಸಿಟ್ಟು ಮಾಡಿಕೊಂಡಂತೆ ಕಾಣುತ್ತದೆ.

ಮನೆಯಲ್ಲೇ ಕನ್ನಡಿ ಮುಂದೆ ಒಂದು ಸಲ ನೋಡಿಕೊಳ್ಳಿ. ಕಿಟಕಿ ಬೆಳಕಿಗೆ ಎದುರಾಗಿ ಕೂತು ಕಣ್ಣು ಮುಚ್ಚಿ. ಹಣೆಯ ಮೇಲೆ ಅಂಗೈ ಒತ್ತಿ ಹುಬ್ಬು ಅಲ್ಲಾಡದ ಹಾಗೆ ಹಿಡಿದುಕೊಂಡು, ನಿಧಾನಕ್ಕೆ ಕಣ್ಣು ಬಿಟ್ಟು ನೇರ ನೋಡಿ. ಈಗ ರೆಪ್ಪೆಗೂದಲು ಹುಟ್ಟುವ ಅಂಚು ಎಲ್ಲಿದೆ ನೋಡಿ, ಮಡಿಕೆ ಅಲ್ಲ, ಅಂಚು. ಸಾಮಾನ್ಯವಾಗಿ ಅದು ಕರಿಗುಡ್ಡೆಯ ಮೇಲ್ಭಾಗವನ್ನು ಒಂದೆರಡು ಮಿಲಿಮೀಟರ್ ಮಾತ್ರ ಮುಚ್ಚಿರುತ್ತದೆ. ಅಂಚೇ ಪಾಪೆಯ ಹತ್ತಿರ ಇಳಿದಿದ್ದರೆ ಸ್ನಾಯುವಿನ ತೊಂದರೆ ಇರಬಹುದು. ಅಂಚು ಸರಿಯಾದ ಜಾಗದಲ್ಲೇ ಇದ್ದು ಅದರ ಮೇಲೆ ಚರ್ಮ ಜೋತಾಡುತ್ತಿದ್ದರೆ ಚರ್ಮದ್ದು. ಆಮೇಲೆ ಬೆರಳಿನಿಂದ ಹುಬ್ಬನ್ನು ಮೇಲೆತ್ತಿ ಮೂಳೆಯ ಅಂಚಿನ ಮೇಲೆ ಕೂರಿಸಿ. ಅಷ್ಟಕ್ಕೇ ಮಡಿಕೆ ಪೂರ್ತಿ ಮಾಯವಾದರೆ ಹುಬ್ಬಿನ ಪಾಲೂ ಇದೆ ಅಂತ ಅರ್ಥ. ಇದು ಡಾಕ್ಟರ್ ಪರೀಕ್ಷೆಗೆ ಬದಲಿ ಅಲ್ಲ. ಆದರೆ ಅಲ್ಲಿ ಕೂತಾಗ ಏನು ಕೇಳಬೇಕು ಅನ್ನೋದು ನಿಮಗೆ ತಿಳಿದಿರುತ್ತದೆ.

ಸಂಜೆ ಹಣೆ ನೋವು ಅಂದಿದ್ದೀರಲ್ಲ, ಅದು ನನಗೆ ಮುಖ್ಯವಾಗಿ ಕಂಡಿತು. ರೆಪ್ಪೆ ಅಡ್ಡ ಬಂದಾಗ ನಮಗೆ ಗೊತ್ತಿಲ್ಲದೆ ಹಣೆಯ ಸ್ನಾಯು ಹುಬ್ಬನ್ನು ಮೇಲೆ ಎಳೆದು ಹಿಡಿದಿರುತ್ತದೆ. ಬೋರ್ಡ್ ಕಡೆ ಒಂದು ಸಲ, ಮಕ್ಕಳ ಕಡೆ ಒಂದು ಸಲ ನೋಡುತ್ತಾ ಇಡೀ ದಿನ ಅದೇ ಕೆಲಸ. ಅದಕ್ಕೇ ಸಂಜೆ ನೋವು, ಅದಕ್ಕೇ ಹಣೆಯಲ್ಲಿ ಅಡ್ಡ ಗೆರೆ. ಹಾಗಿದ್ದರೆ ನಿಮ್ಮದು ಬರೀ ಚಂದದ ಪ್ರಶ್ನೆ ಅಲ್ಲ, ನಿಮ್ಮ ಮನೆಯವರಿಗೆ ಇದನ್ನು ಹೇಳಿ. ಬರೀ ಚಂದಕ್ಕೇ ಅಂತ ಇಟ್ಟುಕೊಂಡರೂ ತಪ್ಪೇನಿಲ್ಲ ಬಿಡಿ, 53 ಅಂದರೆ ಯಾವ ಮಹಾ ವಯಸ್ಸು. ನನ್ನದೊಂದೇ ಷರತ್ತು: ಕನ್ನಡಿ ನೋಡಿಕೊಂಡಾಗ ನಿಮಗೇ ಬೇಕು ಅನ್ನಿಸಿರಬೇಕು. ಬೀಗರ ಕಡೆಯವರು ಏನಂದುಕೊಳ್ಳುತ್ತಾರೋ ಅನ್ನೋ ಹೆದರಿಕೆಗೆ ಮಾಡಿಸೋರು ಎಷ್ಟು ಚೆನ್ನಾಗಿ ಆದರೂ ಸಮಾಧಾನ ಪಡೋದಿಲ್ಲ.

ಇಲ್ಲೊಂದು ಎಚ್ಚರಿಕೆ. ನಿಮ್ಮದು ಎರಡೂ ಕಡೆ, ನಾಲ್ಕೈದು ವರ್ಷದಿಂದ ನಿಧಾನವಾಗಿ ಬಂದದ್ದು, ಹಾಗಾಗಿ ಗಾಬರಿ ಬೇಡ. ಆದರೆ ಇದನ್ನು ಓದುವ ಬೇರೆಯವರಲ್ಲಿ ಯಾರಿಗಾದರೂ ಒಂದೇ ರೆಪ್ಪೆ ಒಂದೆರಡು ದಿನದಲ್ಲಿ ದಿಢೀರ್ ಇಳಿದಿದ್ದರೆ, ಜೊತೆಗೆ ತಲೆನೋವು ಅಥವಾ ಒಂದು ವಸ್ತು ಎರಡಾಗಿ ಕಾಣುವುದು ಇದ್ದರೆ, ಅದು ಮೆದುಳಿನ ರಕ್ತನಾಳದ ಸಮಸ್ಯೆಯೂ ಇರಬಹುದು. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ಸರಿ ಇದ್ದು ಸಂಜೆಗೆ ರೆಪ್ಪೆ ಇಳಿಯುವುದು, ಅಗಿಯಲು ನುಂಗಲು ಸುಸ್ತಾಗುವುದು ಇದ್ದರೆ ಮೈಸ್ತೇನಿಯಾ ಅನ್ನುವ ನರ-ಸ್ನಾಯು ಕಾಯಿಲೆಯ ಪರೀಕ್ಷೆ ಆಗಬೇಕು. ಅದಕ್ಕೆ ಮಾತ್ರೆ ಇದೆ, ಕತ್ತರಿ ಅಲ್ಲ.

ಈಗ ಕೆಳಗಿನ ಚೀಲ. ಕಣ್ಣಿನ ಗುಡ್ಡೆಯ ಸುತ್ತ ಮೆತ್ತೆಯಾಗಿ ಕೊಬ್ಬು ಇರುತ್ತದೆ. ಅದನ್ನು ಹಿಡಿದಿಟ್ಟ ಪೊರೆ ವಯಸ್ಸಿಗೆ ಸಡಿಲವಾದಾಗ ಆ ಕೊಬ್ಬು ಮುಂದಕ್ಕೆ ಉಬ್ಬುತ್ತದೆ. ನಿದ್ದೆಗೆಟ್ಟಿದ್ದಕ್ಕೆ ಬಂದದ್ದಲ್ಲ, ಸೌತೆಕಾಯಿ ಇಟ್ಟರೆ ಹೋಗುವುದೂ ಅಲ್ಲ. ಆದರೆ ಬೆಳಿಗ್ಗೆ ಎದ್ದಾಗ ಜಾಸ್ತಿ ಊದಿ ಮಧ್ಯಾಹ್ನಕ್ಕೆ ಇಳಿಯುತ್ತದಾ ಅಂತ ಒಂದು ವಾರ ಗಮನಿಸಿ. ಹಾಗಿದ್ದರೆ ಅದರಲ್ಲಿ ನೀರಿನ ಪಾಲು ದೊಡ್ಡದು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ ನೋಡಬೇಕು, ಥೈರಾಯ್ಡ್ ಮತ್ತು ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್‌ನಿಂದ ಕಣ್ಣು ಊದಿಕೊಂಡಿದ್ದರೆ ಅದು ಹತೋಟಿಗೆ ಬಂದು, ಸುಮಾರು ಆರು ತಿಂಗಳು ಏನೂ ಬದಲಾವಣೆ ಇಲ್ಲದೆ ಇದ್ದ ಮೇಲೆಯೇ ರೆಪ್ಪೆ ಮುಟ್ಟುವುದು.

ಕಪ್ಪು ಬಣ್ಣದ ಬಗ್ಗೆ ಖಡಾಖಂಡಿತ ಹೇಳಿಬಿಡುತ್ತೇನೆ: ಸರ್ಜರಿಯಿಂದ ಅದು ಹೋಗಲ್ಲ. ನಮ್ಮ ಜನರಲ್ಲಿ ಕಣ್ಣಿನ ಸುತ್ತಲಿನ ಕಪ್ಪು ಬಹುಪಾಲು ಚರ್ಮದ ಬಣ್ಣವೇ. ಚೀಲದ ನೆರಳಿನಿಂದ ಬಂದ ಕಪ್ಪು ಮಾತ್ರ ಚೀಲ ಹೋದರೆ ಸ್ವಲ್ಪ ತಿಳಿಯಾದೀತು. ಕನ್ನಡಿ ಮುಂದೆ ಮುಖ ಮೇಲೆತ್ತಿ ಬೆಳಕಿಗೆ ಹಿಡಿಯಿರಿ, ಆಗ ಹೋಗುವ ಕಪ್ಪು ನೆರಳು, ಉಳಿಯುವ ಕಪ್ಪು ಬಣ್ಣ. "ಎಲ್ಲಾ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಮಾಡಿಸಬೇಡಿ.

ಕೆಳಗಿನ ರೆಪ್ಪೆಯನ್ನು ಒಟ್ಟಿಗೆ ಬೇಡ ಅಂದದ್ದು ಯಾಕೆ? ಮೇಲಿನದು ಸಾಮಾನ್ಯವಾಗಿ ಹೇಳಿದ ಹಾಗೆ ಕೇಳುತ್ತದೆ. ಕೆಳಗಿನದು ಕೇಳಲ್ಲ. ಕೆಳಗಿನ ರೆಪ್ಪೆಯನ್ನು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದು ಬಿಟ್ಟರೆ ಟಪ್ ಅಂತ ವಾಪಸ್ ಕಣ್ಣಿಗೆ ಅಂಟಬೇಕು. ನಿಧಾನಕ್ಕೆ ಹೋದರೆ, ಅಥವಾ ರೆಪ್ಪೆ ಬಡಿದ ಮೇಲೆಯೇ ಹೋದರೆ, ಅದು ಸಡಿಲ ಆಗಿದೆ. ಅಂಥ ರೆಪ್ಪೆಯಿಂದ ಚರ್ಮ ತೆಗೆದರೆ ಗಾಯ ಮಾಯುವಾಗ ಅದು ಕೆಳಗೆ ಜಗ್ಗಿ, ಕೆಂಪು ಒಳಭಾಗ ಹೊರಗೆ ಕಾಣುವ ಹಾಗೆ ತಿರುಗಬಹುದು. ಕೊಬ್ಬು ಜಾಸ್ತಿ ತೆಗೆದುಬಿಟ್ಟರೆ ಐದಾರು ವರ್ಷ ಕಳೆದ ಮೇಲೆ ಕಣ್ಣು ಗುಳಿಬಿದ್ದು ಇನ್ನೂ ಮುದುಕಿ ತರ ಕಾಣುತ್ತದೆ, ಅದಕ್ಕೇ ಈಗ ಸಾಧ್ಯವಾದಷ್ಟು ಕೊಬ್ಬನ್ನು ತೆಗೆಯದೆ ಗುಳಿಯ ಕಡೆಗೆ ಸರಿಸಿ ಕೂರಿಸುತ್ತಾರೆ. ರೆಪ್ಪೆಯ ಒಳಗಿನಿಂದಲೇ ಹೋಗಿ ಹೊರಗೆ ಹೊಲಿಗೆ ಗುರುತೇ ಇಲ್ಲದ ಹಾಗೆ ಮಾಡುವ ವಿಧಾನವೂ ಇದೆ. ಮೇಲಿನದು ಮೊದಲು ಆಗಲಿ. ಆರು ತಿಂಗಳು ಬಿಟ್ಟು ಕನ್ನಡಿ ನೋಡಿಕೊಳ್ಳಿ. ಮೇಲಿನ ಭಾರ ಇಳಿದ ಮೇಲೆ ಕೆಳಗಿನ ಚೀಲ ಅಷ್ಟೇನೂ ಕಾಡಲ್ಲ ಅನ್ನುವವರು ತುಂಬಾ ಜನ.

ಪಾರ್ಲರ್‌ನಲ್ಲಿ ಕಣ್ಣಿನ ಕೆಳಗೆ ಫಿಲ್ಲರ್, ಅಂದರೆ ಗುಳಿ ತುಂಬುವ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಆ ಇಂಜೆಕ್ಷನ್ ರಕ್ತನಾಳದೊಳಗೆ ಹೋದರೆ ದೃಷ್ಟಿಯೇ ಹೋಗಬಹುದು, ಅಪರೂಪ ಆದರೂ ಆಗಿದೆ. ಡಾಕ್ಟರ್ ಅಲ್ಲದವರ ಕೈಗೆ ಆ ಸೂಜಿ ಕೊಡಬಾರದು.

ಇನ್ನು ಕಣ್ಣಿನ ಪಸೆ. ಸರ್ಜರಿಗೆ ಮುಂಚೆ ಇದನ್ನು ನೋಡದೇ ಇದ್ದರೆ ಅರ್ಧ ಪರೀಕ್ಷೆಯೇ ಬಿಟ್ಟ ಹಾಗೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ, ಮುಟ್ಟು ನಿಂತ ಮೇಲೆ, ಕಣ್ಣೀರು ಕಡಿಮೆಯಾಗಿ ಕಣ್ಣು ಒಣಗುವುದು ಸಾಮಾನ್ಯ. ಜೊತೆಗೆ ಚಾಕ್‌ಪೀಸ್ ಪುಡಿ, ನಮ್ಮ ಕಡೆಯ ಬಿಸಿಗಾಳಿ, ಸುಗ್ಗಿಯಲ್ಲಿ ಭತ್ತದ ದೂಳು. ಸರ್ಜರಿ ಆದ ಮೇಲೆ ಕೆಲವು ದಿನ ರೆಪ್ಪೆ ಪೂರ್ತಿ ಮುಚ್ಚೋದಿಲ್ಲ, ಬಡಿಯೋದೂ ಕಡಿಮೆ. ಮೊದಲೇ ಒಣಗಿದ ಕಣ್ಣಾದರೆ ಅದು ಉರಿ, ಚುಚ್ಚು, ಮಂಜು ಅಂತ ತಿಂಗಳುಗಟ್ಟಲೆ ಕಾಡುತ್ತದೆ. ಅದಕ್ಕೆ ಕೆಳಗಿನ ರೆಪ್ಪೆಯಲ್ಲಿ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟು ಎಷ್ಟು ಒದ್ದೆಯಾಯಿತು ಅಂತ ಅಳೆಯುತ್ತಾರೆ. 10 ಮಿಲಿಮೀಟರಿಗಿಂತ ಕಡಿಮೆ ಬಂದರೆ ಹುಷಾರು, 5ಕ್ಕಿಂತ ಕಡಿಮೆ ಬಂದರೆ ಮೊದಲು ಪಸೆಗೆ ಚಿಕಿತ್ಸೆ, ಸರ್ಜರಿ ಆಮೇಲೆ. ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಉರುಳುತ್ತದಾ ಅನ್ನೋದನ್ನೂ ನೋಡಬೇಕು. ಉರುಳಿದರೆ ರೆಪ್ಪೆ ಸ್ವಲ್ಪ ತೆರೆದೇ ಇದ್ದರೂ ಕರಿಗುಡ್ಡೆಗೆ ರಕ್ಷಣೆ ಇರುತ್ತದೆ. ಕನ್ನಡಕ ಬಿಡಲು ಲೇಸರ್ ಮಾಡಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಅದಾಗಿ ಕನಿಷ್ಠ ಆರು ತಿಂಗಳು ಕಳೆದಿರಬೇಕು.

ಚರ್ಮ ಎಷ್ಟು ತೆಗೆಯಬೇಕು ಅನ್ನೋದರಲ್ಲೇ ಸರ್ಜನ್‌ನ ಕೈಗುಣ ಕಾಣೋದು. ಬ್ಲೌಸ್ ಬಿಗಿಯಾದರೆ ಟೇಲರ್ ಒಳಗೆ ಮಡಚಿಟ್ಟ ಬಟ್ಟೆ ಬಿಚ್ಚಿ ಸಡಿಲ ಮಾಡಿಕೊಡುತ್ತಾನೆ, ರೆಪ್ಪೆಯಲ್ಲಿ ಹಾಗೆ ಬಿಚ್ಚಲು ಏನೂ ಉಳಿದಿರಲ್ಲ. ಹುಬ್ಬಿನ ಕೆಳ ಅಂಚಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು ಅನ್ನೋದು ನಾವೆಲ್ಲ ಪಾಲಿಸುವ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಕಣ್ಣು ಮುಚ್ಚಲು ಚರ್ಮ ಸಾಲದು. ಗುರುತು ಹಾಕುವಾಗ ನಿಮ್ಮನ್ನು ಕೂರಿಸಿಯೇ ಹಾಕಬೇಕು, ಮಲಗಿಸಿ ಅಲ್ಲ, ಮಲಗಿದರೆ ಹುಬ್ಬು ಮೇಲೆ ಹೋಗಿ ಲೆಕ್ಕ ತಪ್ಪುತ್ತದೆ. ತೆಳ್ಳಗಿನ ಪೆನ್ನಿನಲ್ಲಿ ರೆಪ್ಪೆಯ ಸಹಜ ಗೆರೆಯ ಮೇಲೆ ಒಂದು ಗೆರೆ. ಆಮೇಲೆ ಮೊನೆಯಿಲ್ಲದ ಚಿಮುಟದಲ್ಲಿ ಹೆಚ್ಚಾದ ಚರ್ಮವನ್ನು ಮೆಲ್ಲಗೆ ಹಿಡಿದು ನೋಡುವುದು, ರೆಪ್ಪೆಗೂದಲು ಇನ್ನೇನು ಮೇಲಕ್ಕೆ ತಿರುಗಬೇಕು ಅನ್ನುವಷ್ಟರಲ್ಲಿ ನಿಲ್ಲಿಸಿ ಎರಡನೇ ಗೆರೆ. ಆಮೇಲೆ ಸ್ಕೇಲ್ ಇಟ್ಟು ಅಳತೆ, ಎರಡೂ ಕಣ್ಣಿಗೆ ಬೇರೆ ಬೇರೆ. ಇಷ್ಟಕ್ಕೇ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅವಸರ ಮಾಡುವವರನ್ನು ಕಂಡರೆ ನನಗೆ ಭಯ.

ಬರುವಾಗ ನಿಮ್ಮ ಮದುವೆ ಆಲ್ಬಮ್ಮೋ, ಮೂವತ್ತರ ಆಸುಪಾಸಿನ ಯಾವುದಾದರೂ ಫೋಟೋನೋ ತನ್ನಿ. ಆಗಿನ ರೆಪ್ಪೆ ಗೆರೆ ಎಷ್ಟು ಎತ್ತರದಲ್ಲಿತ್ತು, ಒಂದು ಹುಬ್ಬು ಮೊದಲಿಂದಲೂ ಸ್ವಲ್ಪ ಮೇಲಿತ್ತಾ, ಎಲ್ಲಾ ಅದರಲ್ಲಿ ಸಿಗುತ್ತದೆ. ನಾವು ವಾಪಸ್ ಕೊಡಲು ನೋಡೋದು ನಿಮ್ಮದೇ ಹಳೇ ಕಣ್ಣನ್ನು. ಫೋನಿನಲ್ಲಿ ನಟಿಯ ಫೋಟೋ ತೋರಿಸಿ ಹೀಗೆ ಮಾಡಿ ಅನ್ನುವವರಿಗೆ ನಾನು ಆಗಲ್ಲ ಅಂತ ನೇರ ಹೇಳುತ್ತೇನೆ.

ಏಪ್ರಿಲ್ ಯಾಕೆ ಬೇಡ ಅಂದರೆ: ಹೊಲಿಗೆ ಬಿಚ್ಚಲು ಐದರಿಂದ ಏಳು ದಿನ, ನೀಲಿ ಕಲೆ ಮತ್ತು ಊತ ಇಳಿಯಲು ಹತ್ತರಿಂದ ಹದಿನಾಲ್ಕು ದಿನ. ಲೆಕ್ಕಕ್ಕೆ ಮೇ ಹೊತ್ತಿಗೆ ಸರಿಹೋಗಬೇಕು ಅನ್ನಿಸುತ್ತದೆ. ಆದರೆ ಗೆರೆ ಕೆಂಪಾಗಿ ಗಟ್ಟಿಯಾಗಿ ಕಾಣುವುದು ಆರೆಂಟು ವಾರ ಇರಬಹುದು, ನಿಜವಾದ ಫಲಿತಾಂಶ ಕಾಣಲು ಮೂರರಿಂದ ಆರು ತಿಂಗಳು ಬೇಕು. ಒಂದು ಕಣ್ಣಿನ ಊತ ಇನ್ನೊಂದಕ್ಕಿಂತ ತಡವಾಗಿ ಇಳಿಯುವುದೂ ಮಾಮೂಲಿ. ಮದುವೆ ಮನೆಯಲ್ಲಿ ಹೋಮದ ಹೊಗೆ, ರಾತ್ರಿ ನಿದ್ದೆ ಇಲ್ಲ, ಸೆಕೆ, ಮೇಕಪ್, ಮಗಳನ್ನು ಕಳಿಸಿಕೊಡುವಾಗ ಅಳು ಬೇರೆ. ಫೋಟೋದಲ್ಲಿ ಶಾಶ್ವತವಾಗಿ ಉಳಿಯುವುದು ಆ ಅರೆಬರೆ ಮಾಗಿದ ಕಣ್ಣು. ಅದೂ ಅಲ್ಲದೆ ಏಪ್ರಿಲ್ ಮೇ ಅಂದರೆ ನಮ್ಮ ಕಡೆ 40 ಡಿಗ್ರಿ ದಾಟುವ ಕಾಲ, ಬೆವರು ಹೊಲಿಗೆಗೆ ಇಳಿಯುತ್ತದೆ, ಕರೆಂಟ್ ಹೋದರೆ ಐಸ್ ಕೂಡ ಸಿಗಲ್ಲ.

ದಸರಾ ರಜೆಯಲ್ಲಿ ಇಟ್ಟುಕೊಳ್ಳಿ. ಮಳೆ ಕಡಿಮೆಯಾಗಿರುತ್ತದೆ, ಬಿಸಿಲು ಇಳಿದಿರುತ್ತದೆ, ಗಂಗಾವತಿ ಸುತ್ತ ಭತ್ತದ ಕೊಯ್ಲು ಜೋರಾಗಿ ಶುರುವಾಗಿ ದೂಳೇಳೋಕೆ ಇನ್ನೂ ಸಮಯ ಇರುತ್ತದೆ. ಅಲ್ಲಿವರೆಗೆ ಪರೀಕ್ಷೆ, ಪಸೆಯ ಚಿಕಿತ್ಸೆ, ಬಿಪಿ ಹತೋಟಿ ಎಲ್ಲಕ್ಕೂ ಪುರುಸೊತ್ತು ಸಿಗುತ್ತದೆ. ಮದುವೆಗೆ ಒಳ್ಳೆ ಮೇಕಪ್ ಮಾಡುವವರಿಗೆ ಮುಂಚೆಯೇ ಹೇಳಿಡಿ. ರೆಪ್ಪೆ ಮೇಲೆ ಮಿಂಚೋ ಬಣ್ಣ ಹಚ್ಚಬೇಡಿ, ಮಡಿಕೆ ಎದ್ದು ಕಾಣುತ್ತದೆ. ಮಂಕು ಬಣ್ಣ ತೆಳ್ಳಗೆ ಹಚ್ಚಿದರೆ ಸಾಕು.

ಯಾರ ಹತ್ತಿರ ಹೋಗಬೇಕು? ಎಂಎಸ್ ಕಣ್ಣಿನ ಡಾಕ್ಟರಾಗಿ, ಅದರ ಮೇಲೆ ಆಕ್ಯುಲೋಪ್ಲಾಸ್ಟಿ, ಅಂದರೆ ರೆಪ್ಪೆ ಮತ್ತು ಕಣ್ಣಿನ ಸುತ್ತಲಿನ ಪ್ಲಾಸ್ಟಿಕ್ ಸರ್ಜರಿಯ ತರಬೇತಿ ಪಡೆದವರು, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರು. ಬೋರ್ಡ್ ಮೇಲೆ ಕಾಸ್ಮೆಟಿಕ್ ಅಂತ ಇದ್ದ ಮಾತ್ರಕ್ಕೆ ಆಗಲ್ಲ. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ, ಕ್ಲಿನಿಕ್‌ಗೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿಯ ನೋಂದಣಿ ಇದೆಯಾ ನೋಡಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಬೇಡ. ವರ್ಷಕ್ಕೆ ಎಷ್ಟು ರೆಪ್ಪೆ ಮಾಡುತ್ತೀರಿ, ತೊಂದರೆ ಆದರೆ ರಾತ್ರಿ ಯಾರು ಸಿಗುತ್ತಾರೆ, ಈ ಎರಡು ಪ್ರಶ್ನೆ ಸಾಕು. ಮೊದಲ ಪರೀಕ್ಷೆ ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲೋ, ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಬಿಎಂಸಿಆರ್‌ಸಿಯಲ್ಲೋ, ರಾಯಚೂರಿನವರಾದರೆ ರಿಮ್ಸ್‌ನಲ್ಲೋ ಕಣ್ಣಿನ ವಿಭಾಗದಲ್ಲಿ ಮಾಡಿಸಬಹುದು. ದೂರ ಹೋಗುವವರಿಗೆ ಬೆಂಗಳೂರಿನ ಮಿಂಟೋ ಇದೆ, ರಾಯಚೂರು ಸಿಂಧನೂರು ಕಡೆಯವರು ಹೈದರಾಬಾದಿನ ಎಲ್ ವಿ ಪ್ರಸಾದ್‌ಗೆ ಹೋಗುವುದೂ ಇದೆ.

ಇಲ್ಲೇ "ಅವತ್ತೇ ಮನೆಗೆ ಹೋಗಬಹುದು" ಅನ್ನೋ ಮಾತಿನ ಬಗ್ಗೆ ಹೇಳಬೇಕು. ಆಸ್ಪತ್ರೆಯಿಂದ ಅವತ್ತೇ ಬಿಡುತ್ತಾರೆ, ನಿಜ. ಆದರೆ ಊರು ಬಿಡಬೇಡಿ. ಈ ಸರ್ಜರಿಯಲ್ಲಿ ನಾವು ನಿಜವಾಗಿ ಹೆದರುವ ಅಪಾಯ ಒಂದೇ, ಕಣ್ಣಿನ ಗುಡ್ಡೆಯ ಹಿಂದೆ ರಕ್ತ ಸೋರಿ ಕಟ್ಟಿಕೊಳ್ಳುವುದು. ಸುಮಾರು 2,000 ಜನರಲ್ಲಿ ಒಬ್ಬರಿಗೆ ಆಗುತ್ತದೆ, ಅದರಿಂದ ದೃಷ್ಟಿ ಹೋಗುವುದು ಅದಕ್ಕಿಂತಲೂ ತುಂಬಾ ಅಪರೂಪ. ಆದರೆ ಆದಾಗ ಕೈಯಲ್ಲಿರುವುದು ಒಂದೆರಡು ಗಂಟೆ ಮಾತ್ರ. ಅಷ್ಟರಲ್ಲಿ ಹೊಲಿಗೆ ಬಿಚ್ಚಿ, ಕಣ್ಣಿನ ಹೊರತುದಿಯಲ್ಲಿ ಸಣ್ಣದಾಗಿ ಕತ್ತರಿಸಿ ಒತ್ತಡ ಇಳಿಸಿದರೆ ಕಣ್ಣು ಉಳಿಯುತ್ತದೆ. ಹೆಚ್ಚಿನವು ಮೊದಲ 24 ಗಂಟೆಯೊಳಗೇ ಆಗುತ್ತವೆ. ಆಗ ನೀವು ಬೆಂಗಳೂರಿನಿಂದ ಗಂಗಾವತಿಗೆ ರಾತ್ರಿ ಬಸ್ಸಿನಲ್ಲಿ ಚಿತ್ರದುರ್ಗ ದಾಟುತ್ತಾ ಇದ್ದರೆ ಯಾರು ಏನು ಮಾಡಲಿಕ್ಕೆ ಆಗುತ್ತದೆ? ಮೊದಲ ಎರಡು ರಾತ್ರಿ ಆಸ್ಪತ್ರೆಗೆ ಹತ್ತಿರ, ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಇರಿ. ಹೊಲಿಗೆ ಬಿಚ್ಚಲು ಮತ್ತೆ ಅಷ್ಟು ದೂರ ಹೋಗಲಾಗದಿದ್ದರೆ ಅದಕ್ಕೆ ನಿಮ್ಮೂರಿನ ಕಣ್ಣಿನ ಡಾಕ್ಟರನ್ನು ಮುಂಚೆಯೇ ಮಾತಾಡಿಸಿಟ್ಟುಕೊಳ್ಳಿ.

ಎಕೋಸ್ಪ್ರಿನ್ ವಿಷಯ ಇದಕ್ಕೇ ಮುಖ್ಯ. ಅದು ರಕ್ತ ಹೆಪ್ಪುಗಟ್ಟುವ ಕಣಗಳನ್ನು ಸುಮ್ಮನಾಗಿಸುತ್ತದೆ, ಆ ಪರಿಣಾಮ ಏಳರಿಂದ ಹತ್ತು ದಿನ ಉಳಿಯುತ್ತದೆ. ಹಾಗಂತ ಸುಮ್ನೆ ನೀವೇ ನಿಲ್ಲಿಸಬೇಡಿ. ನಿಮಗೆ ಸ್ಟೆಂಟ್ ಹಾಕಿದ್ದಾರಾ, ಲಕ್ವ ಹೊಡೆದಿತ್ತಾ, ಅಥವಾ ಬಿಪಿ ಇದೆ ಅಂತ ಜೊತೆಗೆ ಬರೆದುಕೊಟ್ಟದ್ದಾ, ಪತ್ರದಲ್ಲಿ ಇಲ್ಲ. ಮೊದಲ ಎರಡಾಗಿದ್ದರೆ ಹಾರ್ಟ್ ಡಾಕ್ಟರ್ ಅಥವಾ ನರರೋಗದ ಡಾಕ್ಟರ್ ಬರಹದಲ್ಲಿ ಒಪ್ಪದೆ ಒಂದು ದಿನವೂ ಬಿಡುವ ಹಾಗಿಲ್ಲ, ಅವರು ಬೇಡ ಅಂದರೆ ಚಂದದ ಸರ್ಜರಿಯೇ ಬೇಡ. ಮೂರನೆಯದಾಗಿದ್ದರೆ ಬರೆದುಕೊಟ್ಟವರನ್ನೇ ಕೇಳಿ, ಈ ಮಾತ್ರೆ ಇನ್ನೂ ಬೇಕಾ ಅಂತ. ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಕಾಂಬಿಫ್ಲಾಮ್ ತರದವೂ ರಕ್ತಸ್ರಾವ ಹೆಚ್ಚಿಸುತ್ತವೆ. ಅವನ್ನೂ ಮೀನೆಣ್ಣೆ, ವಿಟಮಿನ್ ಇ, ಗಿಂಕ್ಗೊ, ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳನ್ನೂ ಎರಡು ವಾರ ಮುಂಚೆ ಬಿಡಬೇಕು. ಅಡುಗೆಯ ಬೆಳ್ಳುಳ್ಳಿಗೆ ಏನೂ ತೊಂದರೆ ಇಲ್ಲ. ನೋವಾದರೆ ಪ್ಯಾರಾಸಿಟಮಾಲ್ ಸಾಕು. ಬಿಪಿ ಮಾತ್ರೆ ಮಾತ್ರ ಸರ್ಜರಿ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ತಗೊಳ್ಳಲೇಬೇಕು. ಮೇಜಿನ ಮೇಲೆ ಬಿಪಿ ಏರಿದ್ದರೆ ನಾನು ವಾಪಸ್ ಕಳಿಸುತ್ತೇನೆ. ನಿಮಗಲ್ಲದಿದ್ದರೂ ಓದುವ ಗಂಡಸರಿಗೆ ಹೇಳುತ್ತೇನೆ, ಬೀಡಿ ಸಿಗರೇಟು ಅಷ್ಟೇ ಅಲ್ಲ, ಗುಟ್ಕಾ ತಂಬಾಕಿನ ನಿಕೋಟಿನ್ ಕೂಡ ಗಾಯ ಮಾಯೋದನ್ನು ತಡ ಮಾಡುತ್ತದೆ, ನಾಲ್ಕು ವಾರ ಮುಂಚೆ ಬಿಡಿ.

ಕಾಡಿಗೆ ಮೂರು ದಿನ ಮುಂಚೆ ನಿಲ್ಲಿಸಿ, ಅದರ ಕರಿ ಗಾಯದೊಳಗೆ ಸೇರಿದರೆ ಹಚ್ಚೆ ತರ ಉಳಿಯುತ್ತದೆ. ಹಿಂದಿನ ದಿನ ತಲೆಸ್ನಾನ ಮಾಡಿ, ಆಮೇಲೆ ಎಣ್ಣೆ ಹಚ್ಚಬೇಡಿ. ಮುಂದೆ ಬಟನ್ ಇರುವ ಬಟ್ಟೆ ಅಥವಾ ಸೀರೆ, ತಲೆ ಮೇಲಿಂದ ಎಳೆಯೋದು ಬೇಡ. ಸಾಮಾನ್ಯವಾಗಿ ಮರಗಟ್ಟಿಸುವ ಇಂಜೆಕ್ಷನ್‌ನಲ್ಲೇ ಮಾಡುತ್ತೇವೆ, ಚುಚ್ಚುವಾಗ ಒಂದು ನಿಮಿಷ ಉರಿ, ಆಮೇಲೆ ನೋವಿಲ್ಲ. ನಡುವೆ "ಕಣ್ಣು ಬಿಡಿ, ಮುಚ್ಚಿ" ಅಂತ ಹೇಳುತ್ತಾ ಇರುತ್ತೇವೆ. ಮಂಪರಿನ ಔಷಧ ಕೊಡುವುದಾದರೆ ಆರು ಗಂಟೆ ಮುಂಚಿನಿಂದ ಊಟ ತಿಂಡಿ ಇಲ್ಲ.

ದುಡ್ಡಿನ ಮಾತು. 95 ಸಾವಿರದಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ: ಥಿಯೇಟರ್, ಔಷಧ, ಹೊಲಿಗೆ ಬಿಚ್ಚುವುದು, ಮುಂದಿನ ಭೇಟಿಗಳು, ಸ್ವಲ್ಪ ಸರಿಪಡಿಸಬೇಕಾಗಿ ಬಂದರೆ ಅದರ ಖರ್ಚು. ಚಂದಕ್ಕೆ ಮಾಡುವ ಸರ್ಜರಿಗೆ 18% ಜಿಎಸ್‌ಟಿ ಬೀಳುತ್ತದೆ, ಅದು ಒಳಗೋ ಹೊರಗೋ ಕೇಳಿ. ಆರೋಗ್ಯ ವಿಮೆ ಚಂದದ ಸರ್ಜರಿಗೆ ಸಿಗಲ್ಲ. ಚರ್ಮ ದೃಷ್ಟಿಗೇ ಅಡ್ಡ ಬಂದಿದ್ದರೆ ಮಾತ್ರ ಲೆಕ್ಕ ಬೇರೆ. ರೆಪ್ಪೆ ಹಾಗೇ ಇದ್ದಾಗ ಒಮ್ಮೆ, ಟೇಪ್ ಹಾಕಿ ಎತ್ತಿದಾಗ ಒಮ್ಮೆ ದೃಷ್ಟಿ ಕ್ಷೇತ್ರದ ಪರೀಕ್ಷೆ ಮಾಡಿ, ಫೋಟೋ ಸೇರಿಸಿ, ಚಿಕಿತ್ಸೆಗೆ ಅಗತ್ಯ ಅಂತ ಡಾಕ್ಟರ್ ಬರೆದುಕೊಟ್ಟರೆ ಕ್ಲೈಮ್ ಕೇಳಬಹುದು. ಸರ್ಜರಿಗೆ ಮುಂಚೆಯೇ ಕಂಪನಿಯ ಒಪ್ಪಿಗೆ ತಗೊಳ್ಳಿ.

ಆದ ಮೇಲೆ ಮೊದಲ 48 ಗಂಟೆ ಐಸ್. ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ, ಒತ್ತದೆ. ಎರಡು ದಿಂಬು ಇಟ್ಟು ಅಂಗಾತ ಮಲಗಿ. ಎರಡು ವಾರ ಬಗ್ಗಿ ಕಸ ಗುಡಿಸುವುದು, ರಂಗೋಲಿ ಹಾಕುವುದು, ಕೊಡ ಎತ್ತುವುದು, ಒಲೆ ಹೊಗೆ, ಮೆಣಸಿನಕಾಯಿ ಕುಟ್ಟುವುದು ಯಾವುದೂ ಬೇಡ. ನಮ್ಮಲ್ಲಿ ಹೆಂಗಸರಿಗೆ ಈ ವಿಶ್ರಾಂತಿ ಸಿಗುವುದೇ ಕಷ್ಟ, ಅದಕ್ಕೆ ಪರೀಕ್ಷೆಗೆ ಬರುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ, ಅವರ ಎದುರೇ ಹೇಳುತ್ತೇನೆ. ಡ್ರಾಪ್ಸ್ ಹಗಲು, ಆಯಿಂಟ್‌ಮೆಂಟ್ ರಾತ್ರಿ. ಆಯಿಂಟ್‌ಮೆಂಟ್ ಹಚ್ಚಿದಾಗ ಮಂಜು ಕಾಣುವುದು ಸಹಜ, ಒರೆಸಿದರೆ ಹೋಗುತ್ತದೆ.

ಒರೆಸಿದರೂ ಹೋಗದ ಮಂಜು, ಗಂಟೆ ಗಂಟೆಗೂ ಏರುವ ನೋವು, ಒಂದೇ ಕಣ್ಣು ಕಲ್ಲಿನ ತರ ಗಟ್ಟಿಯಾಗಿ ಮುಂದೆ ಉಬ್ಬುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿ ಎರಡಾದರೂ ಸರಿ ಫೋನ್ ಮಾಡಿ ಹೊರಡಿ. ಆ ನಂಬರ್ ನಿಮ್ಮ ಫೋನಿನಲ್ಲಿ ಅಷ್ಟೇ ಅಲ್ಲ, ಜೊತೆಗಿರುವವರ ಫೋನಿನಲ್ಲೂ ಇರಲಿ, ಕಣ್ಣು ಊದಿಕೊಂಡಾಗ ನಿಮಗೆ ಸ್ಕ್ರೀನ್ ಕಾಣಲ್ಲ. ಎಲ್ಲಾ ಸರಿ ಹೋದರೆ ಎರಡು ವಾರಕ್ಕೆ ಶಾಲೆಗೆ ಹೋಗಬಹುದು, ಮೊದಲ ತಿಂಗಳು ಕನ್ನಡಕ ಹಾಕಿಕೊಂಡು. ಬೋರ್ಡ್ ಒರೆಸೋ ಕೆಲಸ ಮಾತ್ರ ಯಾರಾದರೂ ಹುಡುಗನಿಗೆ ವಹಿಸಿಬಿಡಿ.